ಹೊತ್ತ ಕತ್ತು

ಮುನಿಯಕ್ಕನ ಕತ್ತು ಎಡಕ್ಕೆ ತಿರುಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಎಡಗಡೆಯಿಂದ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದಳು. ನೋಡಿದವರು ಇವಳಿಗೆ ಜಂಬ ಅಂದುಕೊಳ್ಳುತ್ತಿದ್ದರು. ಗಾರೆ ಕೆಲಸದ ಹೆಣ್ಣಾಳಿಗೆ ಎಂಥ ಜಂಬ? ಮೈನೆರೆಯುವ ಮೊದಲೇ ತಲೆಯ ಮೇಲೆ ಸಿಂಬಿ ಇಟ್ಟವಳು ಅವಳು. ಜಯನಗರದ ಮನೆಗಳಿಗೆ ಇಟ್ಟಿಗೆ ಹೊತ್ತಳು. ಬನಶಂಕರಿಯ ಬಂಗಲೆಗಳಿಗೆ ಮರಳು ಹೊತ್ತಳು. ಮಗಳು ಶಾಂತಲಾ ಹೊಟ್ಟೆಯಲ್ಲಿದ್ದಾಗ ಹೊತ್ತಳು. ಸತ್ತ ಗಂಡನನ್ನು ಮಣ್ಣಿಗೆ ಇಳಿಸಿ ಬಂದ ವಾರವೇ ಮತ್ತೆ ಹೊತ್ತಳು. ಬೆಂಗಳೂರಿನ ಈ ಭಾಗ ಎಷ್ಟು ಎತ್ತರಕ್ಕೆ ಎದ್ದಿತೋ ಅವಳ ಕತ್ತು ಅಷ್ಟು ಒಳಕ್ಕೆ ಇಳಿದಿತ್ತು.

ಬನಶಂಕರಿ ಬಸ್ ನಿಲ್ದಾಣದ ಹಿಂದಿನ ಕಾಲೊನಿಯಲ್ಲಿ ಅವಳ ಮನೆ. ಇಲ್ಲೊಂದು ಹಳ್ಳಿ ಇದ್ದಾಗ ಅದು ಊರಾಚೆಯ ಕೇರಿ. ಹಳ್ಳಿ ಕರಗಿ ನಗರವಾಯಿತು. ಕೇರಿ ಮಾತ್ರ ಕೇರಿಯಾಗಿಯೇ ಉಳಿಯಿತು. ಬೆಳಿಗ್ಗೆ ಕಾಲೊನಿಯ ಹೆಂಗಸರು ಸರ್ಕಲ್ಲಿನ ಬೇಕರಿ ಮುಂದೆ ಕೂಲಿಗೆ ನಿಲ್ಲುತ್ತಿದ್ದರು. ಮೇಸ್ತ್ರಿಗಳು ಬಂದು ಮೈ ಕೈ ನೋಡಿ ಕರೆದುಕೊಂಡು ಹೋಗುತ್ತಿದ್ದರು.

ಒಂದು ಸಲ ಮೇಸ್ತ್ರಿ ರವಿಕುಮಾರ ಅವಳನ್ನೂ ಹುಲಿಗೆವ್ವನನ್ನೂ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋದ. ಹುಲಿಗೆವ್ವ ಕೊಪ್ಪಳದ ಕಡೆಯವಳು, ಮದುವೆಯಾಗಿ ಬಂದು ಬಿ.ಟಿ.ಎಂ. ಹತ್ತಿರ ಶೆಡ್ಡಿನಲ್ಲಿದ್ದಳು, ಕೂಲಿಗೆ ಈ ಸರ್ಕಲ್ಲಿಗೇ ಬರುತ್ತಿದ್ದಳು. ಐದನೇ ಮಹಡಿಯ ಮನೆಯೊಂದರ ಅಡುಗೆಮನೆ, ಬಚ್ಚಲು ಒಡೆದು ಹೊಸದಾಗಿ ಕಟ್ಟಬೇಕಿತ್ತು. ಗಂಡಸರು ಸುತ್ತಿಗೆ ಹಿಡಿದು ಒಡೆಯುವುದು. ಒಡೆದ ಟೈಲ್ಸು, ಗಾರೆ, ಇಟ್ಟಿಗೆಯನ್ನು ಸಿಮೆಂಟ್ ಚೀಲಕ್ಕೆ ತುಂಬಿ ಹೆಂಗಸರು ಕೆಳಕ್ಕೆ ಹೊರುವುದು.

ಲಿಫ್ಟಿನ ಬಾಗಿಲ ಪಕ್ಕದಲ್ಲಿ ಬೋರ್ಡು ಹಾಕಿತ್ತು. ಕೆಲಸದವರು, ಡೆಲಿವರಿಯವರು ಮೆಟ್ಟಿಲು ಬಳಸತಕ್ಕದ್ದು. ಮುನಿಯಕ್ಕನಿಗೆ ಓದು ಬರದು. ಗೇಟಿನ ವಾಚ್‌ಮನ್ ಚಿಕ್ಕಬೈರಪ್ಪ ಓದಿ ಹೇಳಿದ. ಅವನೂ ಅವಳ ಕಾಲೊನಿಯವನೇ, ಎರಡು ಮನೆ ಆಚೆಯವನು.

"ಬೇಜಾರು ಮಾಡ್ಕೋಬೇಡ ಅಕ್ಕ. ನಂಗೂ ಇಲ್ಲ ಲಿಫ್ಟು. ಮೇಲಿನ ಟ್ಯಾಂಕು ನೋಡೋಕೆ ನಾನೂ ಹತ್ಕೊಂಡೇ ಹೋಗ್ತೀನಿ," ಅಂದ.

ಮೆಟ್ಟಿಲ ಗೂಡಿಗೆ ಕಿಟಕಿ ಇರಲಿಲ್ಲ. ಗಾಳಿ ಇಲ್ಲ. ಗೋಡೆಗೆ ಚೀಲ ತಾಕಬಾರದು, ಹೊಸದಾಗಿ ಬಣ್ಣ ಹೊಡೆದಿದ್ದಾರೆ. ಕಂಬಿ ಹಿಡಿಯಬಾರದು, ಕೈ ಗುರುತು ಬೀಳುತ್ತದೆ. ಹೊರೆ ಹೊತ್ತು ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಪ್ರತಿ ಮೆಟ್ಟಿಲಿಗೂ ಚೀಲ ಒಮ್ಮೆ ಎದ್ದು ಕತ್ತಿನ ಬುಡಕ್ಕೆ ಕೂರುತ್ತದೆ. ಯಾರೋ ಗೂಟ ಹೊಡೆದ ಹಾಗೆ. ತಲೆ ಬಗ್ಗಿಸಿ ಮೆಟ್ಟಿಲು ನೋಡಲು ಬರುವುದಿಲ್ಲ, ಕಾಲೇ ಕಣ್ಣಾಗಬೇಕು.

ಮೂರನೇ ದಿನ ಹೊಸ ಟೈಲ್ಸು ಬಂತು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ನಾಗಭೂಷಣ್ ಸ್ವತಃ ಕೆಳಗೆ ಬಂದು ನಿಂತರು. ಬ್ಯಾಂಕಿನಿಂದ ನಿವೃತ್ತರಾದ ಮನುಷ್ಯ, ಆ ಕಟ್ಟಡವೇ ಈಗ ಅವರ ಕಚೇರಿ. ಲಿಫ್ಟಿನ ಒಳಗೆ ರಟ್ಟು ಹಾಸಿಸಿದರು. ಟೈಲ್ಸಿನ ಪೆಟ್ಟಿಗೆಗಳು ಒಂದೊಂದಾಗಿ ಲಿಫ್ಟ್ ಏರಿದವು. ಮೆಟ್ಟಿಲಲ್ಲಿ ಹೋದರೆ ಒಡೆದುಹೋಗುತ್ತವಂತೆ.

ಚೀಲ ಹೊತ್ತುಕೊಂಡು ಇಳಿದ ಮುನಿಯಕ್ಕ ಅದನ್ನು ನೋಡಿದಳು. ಹುಲಿಗೆವ್ವ ಅಂದಳು, "ಟೈಲ್ಸ್ ಒಡೀತಾವಂತ ಯಕ್ಕಾ. ನಮ್ ಕುತಗಿ ಏನ್ ಕಬ್ಬಿಣದ್ದೇನು?"

ಆ ಮಧ್ಯಾಹ್ನ ಚಹಾ ಕುಡಿಯುವಾಗ ಮುನಿಯಕ್ಕನ ಬಲಗೈಯಿಂದ ಲೋಟ ಜಾರಿತು. ಅವಳು ಬಿಟ್ಟಿರಲಿಲ್ಲ. ಹಿಡಿದಿದ್ದೇನೆ ಅಂದುಕೊಂಡಿದ್ದಳು. ಹೆಬ್ಬೆರಳು, ಅದರ ಪಕ್ಕದ ಬೆರಳು ಯಾರದೋ ಬೆರಳಿನಂತಿದ್ದವು. ಭುಜದಿಂದ ಕೆಳಕ್ಕೆ ಬೆಂಕಿಯ ಗೆರೆ ಇಳಿಯುತ್ತಿತ್ತು.

ಮನೆಗೆ ಬಂದವಳು ಅನ್ನ ಕಲಸಲಾರದೆ ಕೂತಳು. ಶಾಂತಲಾ ಜಯನಗರ ನಾಲ್ಕನೇ ಬ್ಲಾಕಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಹುಡುಗಿ. ತಾಯಿಯ ಕೈ ನೋಡಿದಳು.

"ಎಷ್ಟು ದಿನದಿಂದ ಹಿಂಗಿದೆ?"

"ಬರ್ತದೆ, ಹೋಯ್ತದೆ."

"ಯಾರಿಗೆ ತೋರ್ಸಿದ್ದೆ?"

"ಕಟಿಂಗ್ ಶಾಪಿನವ್ನು ಒಂದ್ಸಲ ಹಿಡ್ದು ಲಟಕ್ ಅನ್ನಿಸ್ದ. ಎರಡು ದಿನ ಹಗುರ ಆಯ್ತು. ಆಮೇಲೆ ಇನ್ನೂ ಜಾಸ್ತಿ ಆಯ್ತು."

ಶಾಂತಲಾ ಮರುದಿನ ಅಂಗಡಿಗೆ ರಜೆ ಹಾಕಿ ತಾಯಿಯನ್ನು ಜಯನಗರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮುನಿಯಕ್ಕನ ಹಿಂದೆ ನಿಂತು ಕತ್ತಿನ ಬುಡದಿಂದ ಬೆನ್ನಿನವರೆಗೆ ಒತ್ತಿ ನೋಡಿದಳು. ತನ್ನ ಕೈ ಹಿಡಿದು ಜಗ್ಗಿ ಅಂದಳು. ಮೊಣಕೈಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಳು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದಳು.

"ಏನು ಕೆಲಸ ಅಮ್ಮ?"

"ಗಾರೆ ಕೆಲ್ಸ."

"ತಲೆ ಮೇಲೆ ಹೊರ್ತೀರಾ?"

"ಇನ್ನೆಲ್ಲಿ ಹೊರ್ಲಿ ತಾಯಿ?"

ಡಾಕ್ಟರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ಕತ್ತಿನ ಮೂಳೆಗಳ ಮಧ್ಯೆ ಮೆತ್ತನೆ ಬಿಲ್ಲೆ ಇರುತ್ತೆ. ಅದು ಸವೆದಿದೆ. ಮೂಳೆ ಮೂಳೆ ಹತ್ತಿರ ಬಂದು ಕೈಗೆ ಹೋಗೋ ನರ ಒತ್ತಿಹೋಗ್ತಿದೆ. ಅದಕ್ಕೇ ಬೆರಳು ಜೋಮು."

"ಆಪರೇಷನ್ ಮಾಡ್ಬೇಕಾ?"

"ಈಗ ಬೇಡ. ಬಹಳ ಜನಕ್ಕೆ ಆಪರೇಷನ್ ಇಲ್ಲದೇನೇ ಕಡಿಮೆ ಆಗುತ್ತೆ. ಬಿಸಿ ಶಾಖ ಕೊಡಿ. ದಪ್ಪ ದಿಂಬು ಬೇಡ. ಮಾತ್ರೆ ಊಟ ಆದ್ಮೇಲೆ, ನಾನು ಹೇಳಿದಷ್ಟು ದಿನ ಮಾತ್ರ. ಪೂರ್ತಿ ಮಲಗಿಬಿಡಬೇಡಿ, ಕತ್ತು ಹಿಡ್ಕೊಳ್ಳುತ್ತೆ. ಪಕ್ಕದ ರೂಮಲ್ಲಿ ವ್ಯಾಯಾಮ ಹೇಳ್ಕೊಡ್ತಾರೆ, ನಿಧಾನಕ್ಕೆ ದಿನಾ ಮಾಡಿ. ಯಾರ ಕೈಲೂ ಕತ್ತು ಲಟಕ್ ಅನ್ನಿಸಿಕೋಬೇಡಿ. ಇದೆಲ್ಲಕ್ಕಿಂತ ಮುಖ್ಯ, ತಲೆ ಮೇಲೆ ಹೊರೆ ಇಡಬೇಡಿ."

ಮುನಿಯಕ್ಕ ಕೇಳಿಸಿಕೊಂಡಳು. ಕೊನೆಯ ಮಾತಿಗೆ ನಗು ಬಂತು. ನಗಲಿಲ್ಲ.

"ಇನ್ನೊಂದು," ಡಾಕ್ಟರು ಶಾಂತಲಾಳ ಕಡೆಗೂ ನೋಡಿ ಅಂದಳು. "ಕೈಯಲ್ಲಿ ಬಲ ಹೋದ್ರೆ, ನಡೀವಾಗ ಕಾಲು ತೊಡರಿದ್ರೆ, ಒಂದಕ್ಕೆ ಹಿಡಿತ ತಪ್ಪಿದ್ರೆ ಒಂದು ದಿನಾನೂ ಕಾಯಬೇಡಿ. ಅಂದ್ರೆ ಬೆನ್ನೊಳಗಿನ ದೊಡ್ಡ ನರಕ್ಕೇ ಪೆಟ್ಟಾಗ್ತಿದೆ ಅಂತ. ಆಮೇಲೆ ಹೋದದ್ದು ವಾಪಸ್ ಬರದೇ ಇರಬಹುದು."

ಹೊರಗೆ ಬಂದ ಮೇಲೆ ಶಾಂತಲಾ ಅಂದಳು, "ಕೆಲ್ಸ ಬಿಡು."

"ಬಿಟ್ಟು?"

ಇಬ್ಬರೂ ಬಸ್ಸಿಗೆ ನಿಂತರು.

ಶಾಖ ಕೊಟ್ಟುಕೊಂಡು, ಮಾತ್ರೆ ನುಂಗಿ ಮುನಿಯಕ್ಕ ಮತ್ತೆ ಕೆಲಸಕ್ಕೆ ಹೋದಳು. ಮೊದಲು ರವಿಕುಮಾರನನ್ನು ಕೇಳಿದಳು. "ಹೊರೋದು ಬೇಡ ಕಣಪ್ಪ. ಚೀಲ ತುಂಬ್ತೀನಿ, ಕಲಸ್ತೀನಿ, ಟೈಲ್ಸಿಗೆ ನೀರು ಹಾಕ್ತೀನಿ. ಇಲ್ಲಾಂದ್ರೆ ಲಿಫ್ಟಲ್ಲಿ ಇಳಿಸೋಕೆ ಕೇಳು."

ರವಿಕುಮಾರ ಕೆಟ್ಟವನಲ್ಲ. ಆದರೆ ಅವನ ತಲೆಯ ಮೇಲೆ ಚೀಲ ಇರಲಿಲ್ಲ. "ಲಿಫ್ಟ್ ವಿಷ್ಯ ನಂಗೆ ಹೇಳ್ಬೇಡ ಅಕ್ಕ. ಆ ಸೆಕ್ರೆಟರಿ ಜೊತೆ ಜಗಳ ಆಡಿದ್ರೆ ನಾಳೆ ನನ್ನನ್ನ ಗೇಟಿಂದಲೇ ಓಡಿಸ್ತಾರೆ. ಆಗಲ್ಲ ಅಂದ್ರೆ ಮನೇಲಿರು. ಸರ್ಕಲ್ಲಲ್ಲಿ ಜನ ನಿಂತಿದ್ದಾರೆ."

ಮನೆಯ ಒಡತಿಯನ್ನು ಕೇಳಿದಳು. ಮಧುಮತಿ ಮೇಡಂ ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳಿಗೂ ಕತ್ತು ನೋವು, ಕತ್ತಿಗೆ ಪಟ್ಟಿ ಹಾಕಿಕೊಂಡಿದ್ದಳು. ವಾರಕ್ಕೊಮ್ಮೆ ಒಬ್ಬಳು ಮನೆಗೇ ಬಂದು ವ್ಯಾಯಾಮ ಮಾಡಿಸಿ ಹೋಗುತ್ತಿದ್ದಳು. ಮುನಿಯಕ್ಕನ ಮಾತು ಕೇಳಿ ಮಧುಮತಿ ನಿಜವಾಗಿಯೇ ಮರುಗಿದಳು.

"ಅಯ್ಯೋ ಆಂಟಿ, ಇದು ಎಂಥ ನೋವು ಅಂತ ನಂಗೆ ಗೊತ್ತು. ನಿದ್ದೆನೇ ಬರಲ್ಲ ಅಲ್ವಾ? ಆದ್ರೆ ಲಿಫ್ಟು ಅಸೋಸಿಯೇಷನ್ ರೂಲು. ನಾನೊಬ್ಳೇ ಏನು ಮಾಡ್ಲಿ?" ಒಳಗೆ ಹೋಗಿ ಅರ್ಧ ಮುಗಿದ ಮುಲಾಮಿನ ಟ್ಯೂಬ್ ತಂದು ಕೊಟ್ಟಳು. "ಇದನ್ನ ಹಚ್ಕೊಳ್ಳಿ. ಸಖತ್ತಾಗಿ ಕೆಲ್ಸ ಮಾಡುತ್ತೆ."

ಮುನಿಯಕ್ಕ ಟ್ಯೂಬನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಿಂಬಿ ಸುತ್ತಿದಳು. ಹುಲಿಗೆವ್ವ ಚೀಲ ಎತ್ತಿ ತಲೆಯ ಮೇಲಿಟ್ಟಳು. ಇಟ್ಟವಳ ಕಣ್ಣು ಒದ್ದೆಯಾಗಿತ್ತು.

ಆ ದಿನ ಎರಡನೇ ಮಹಡಿಯ ತಿರುವಿನಲ್ಲಿ ಅವಳ ಕಾಲು ತೊಡರಿತು.

ಮೆಟ್ಟಿಲ ಮೇಲೆ ಏನೂ ಇರಲಿಲ್ಲ. ಕಾಲಿಗೆ ಕಾಲೇ ಅಡ್ಡ ಬಂತು. ಚೀಲ ಮುಂದಕ್ಕೆ ಹೋಯಿತು, ಅವಳು ಹಿಂದಕ್ಕೆ ಬಿದ್ದಳು. ಚೂರುಗಳು ದಡದಡ ಉರುಳಿ ಯಾರದೋ ಬಾಗಿಲ ಮುಂದಿನ ಹೂಕುಂಡ ಒಡೆಯಿತು. ಬಾಗಿಲುಗಳು ತೆರೆದವು. ಬಿದ್ದವಳನ್ನು ಎತ್ತಲು ಯಾರೂ ಬರಲಿಲ್ಲ. ಕುಂಡದ ಮನೆಯವರು ಫೋನ್ ಮಾಡಿದರು. ನಾಗಭೂಷಣ್ ಲಿಫ್ಟಿನಲ್ಲಿ ಬಂದರು.

"ಕುಡಿದಿದ್ದೀಯಾ?" ಮೊದಲ ಮಾತು ಅದು.

"ಇಲ್ಲ ಸಾಮಿ. ಕತ್ತು ನೋವು. ಕಾಲು ತಪ್ತು."

"ಕತ್ತು ನೋವಂತೆ." ಅವರು ಬಾಗಿಲಲ್ಲಿ ನಿಂತವರ ಕಡೆ ತಿರುಗಿದರು. "ಇವರಿಗೆಲ್ಲಿಂದ ಬರುತ್ತೆ ಕತ್ತು ನೋವು? ಅದು ದಿನಾ ಕಂಪ್ಯೂಟರ್ ಮುಂದೆ ಕೂರೋರಿಗೆ ಬರೋದು. ಇವರದು ಹೊತ್ತು ಹೊತ್ತು ಗಟ್ಟಿಯಾಗಿರೋ ಮೈ. ಮಾಡೋಕೆ ಇಷ್ಟ ಇಲ್ಲ, ಅದಕ್ಕೆ ನೆಪ."

ಯಾರೋ ನಕ್ಕರು. ಯಾರೋ ಹೌದೆಂದು ತಲೆಯಾಡಿಸಿದರು. ತಲೆಯಾಡಿಸುವುದು ಅವರಿಗೆ ಎಷ್ಟು ಸಲೀಸು ಅಂತ ಮುನಿಯಕ್ಕ ನೋಡಿದಳು.

"ಮೇಲಿಂದ ಕೆಳಗಿನವರೆಗೂ ಮೆಟ್ಟಿಲು ಒರೆಸು. ಒಂದು ಚೂರು ಧೂಳು ಕಾಣಬಾರದು. ಆಮೇಲೆ ಉಳಿದ ಚೀಲ ಇಳಿಸು. ಇವತ್ತೇ ಮುಗೀಬೇಕು."

ಬಕೆಟ್ಟು ಬಂತು. ಬಟ್ಟೆ ಬಂತು. ಮುನಿಯಕ್ಕ ಐದನೇ ಮಹಡಿಯಿಂದ ಮಂಡಿಯೂರಿ ಒರೆಸತೊಡಗಿದಳು. ಬಗ್ಗಿದರೆ ಕಣ್ಣಿಗೆ ಕತ್ತಲು. ಎದ್ದರೆ ಭುಜಕ್ಕೆ ಬೆಂಕಿ. ಹೊಸ ಬಣ್ಣದ ಗೋಡೆಗಳು ಎರಡೂ ಕಡೆಯಿಂದ ಒತ್ತಿದಂತಿದ್ದವು. ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಹಿಂಡಲು ಹೋದಳು. ಬಲಗೈ ಹಿಂಡಲಿಲ್ಲ. ಬೆರಳುಗಳು ಬಟ್ಟೆಯನ್ನು ಸುತ್ತಿ ಹಿಡಿದಿದ್ದವು, ಹಿಂಡಲಿಲ್ಲ. ನೀರು ಹಾಗೆಯೇ ಸೋರಿತು.

ಡಾಕ್ಟರು ಹೇಳಿದ್ದು ಅವಳ ಕಿವಿಯಲ್ಲಿ ಕೂತಿತು. ಕೈಯಲ್ಲಿ ಬಲ ಹೋದ್ರೆ. ಕಾಲು ತೊಡರಿದ್ರೆ. ಎರಡೂ ಆಗಿತ್ತು, ಒಂದೇ ದಿನ. ಇನ್ನೊಂದು ಚೀಲ ಇಟ್ಟರೆ ಏನಾಗುತ್ತದೆ? ಕಾಲೊನಿಯಲ್ಲಿ ನಾರಾಯಣಮ್ಮ ಕಟ್ಟುತ್ತಿದ್ದ ಮಹಡಿಯಿಂದ ಬಿದ್ದು ಹಾಸಿಗೆ ಹಿಡಿದಿದ್ದಳು. ಅವಳ ಬೆನ್ನು ಹುಣ್ಣಾಗಿ ಹುಳ ಬಿದ್ದದ್ದನ್ನು ಮುನಿಯಕ್ಕನೇ ತೊಳೆದಿದ್ದಳು. ಅವಳು ಕೆಲಸ ಮಾಡುತ್ತಿದ್ದ ಕಟ್ಟಡದವರು ಒಬ್ಬರೂ ಬಂದು ನೋಡಿರಲಿಲ್ಲ.

ಮುನಿಯಕ್ಕ ಬಟ್ಟೆಯನ್ನು ಬಕೆಟ್ಟಿನಲ್ಲಿ ಬಿಟ್ಟಳು. ಎದ್ದಳು. ಗೋಡೆಯನ್ನು ಹಿಡಿದುಕೊಂಡೇ ಹತ್ತಿ ಮೇಲೆ ಬಂದಳು. ಅವಳ ಕೈ ಗುರುತು ಬಣ್ಣದ ಮೇಲೆ ಸಾಲಾಗಿ ಉಳಿಯಿತು.

"ಹುಲಿಗೆವ್ವ, ಚೀಲ ಎಲ್ಲ ಎಳ್ಕೊಂಬಾ."

"ಎಲ್ಲಿಗ್ ಯಕ್ಕಾ?"

ಮುನಿಯಕ್ಕ ಲಿಫ್ಟಿನ ಗುಂಡಿ ಒತ್ತಿದಳು. ಇಷ್ಟು ವರ್ಷ ಕಟ್ಟಡ ಕಟ್ಟಿದವಳು, ಲಿಫ್ಟಿನ ಗುಂಡಿ ಒತ್ತಿದ್ದು ಅದೇ ಮೊದಲು. ಬಾಗಿಲು ತೆರೆಯಿತು. ಹುಲಿಗೆವ್ವ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಚೀಲಗಳನ್ನು ದರದರ ಎಳೆದು ಒಳಗೆ ತುಂಬಿದಳು. ಮುನಿಯಕ್ಕ ಒಳಗೆ ಹೋಗಿ ಒಂದು ಚೀಲದ ಮೇಲೆ ಕೂತಳು.

"ನಾನೂ ಬರ್ತೀನ್ ಯಕ್ಕಾ."

"ನೀನು ಬೇಡ. ಮೆಟ್ಟಿಲಲ್ಲಿ ಬಾ. ಆಗೋದು ನಂಗೊಬ್ಳಿಗೇ ಆಗ್ಲಿ."

ಬಾಗಿಲು ಮುಚ್ಚಿತು. ಲಿಫ್ಟು ಇಳಿಯಿತು. ಒಳಗೆ ಕನ್ನಡಿ ಇತ್ತು. ಅದರಲ್ಲಿ ಸುಣ್ಣ ಬಳಿದ ಹಾಗೆ ಧೂಳು ಮೆತ್ತಿದ ಒಬ್ಬ ಹೆಂಗಸು ಕೂತಿದ್ದಳು. ಭುಜ ಕಿವಿಯ ಹತ್ತಿರಕ್ಕೆ ಎದ್ದಿತ್ತು. ತಲೆ ಮುಂದಕ್ಕೆ ಚಾಚಿತ್ತು. ಇದು ನನ್ನ ಕತ್ತಾ ಅಂತ ಮುನಿಯಕ್ಕ ನೋಡಿದಳು.

ಧಡಕ್ಕನೆ ಲಿಫ್ಟು ನಿಂತಿತು. ದೀಪ ಹೋಯಿತು. ಫ್ಯಾನು ನಿಂತಿತು.

ಕೆಳಗೆ ನಾಗಭೂಷಣ್ ಕ್ಯಾಮೆರಾದಲ್ಲಿ ನೋಡಿದ್ದರು. ಚಿಕ್ಕಬೈರಪ್ಪನನ್ನು ಕರೆದು ಲಿಫ್ಟಿನ ಸ್ವಿಚ್ ಆರಿಸು ಅಂದಿದ್ದರು. ಒಳಗೆ ಮನುಷ್ಯರಿದ್ದಾರೆ ಸಾರ್ ಅಂದಾಗ ಹೇಳಿದಷ್ಟು ಮಾಡು ಅಂದಿದ್ದರು. ಅವನು ಆರಿಸಿದ.

ಒಳಗಿನ ಮೂಲೆಯಲ್ಲಿದ್ದ ಸ್ಪೀಕರಿನ ಸಣ್ಣ ಜಾಲರಿಯಿಂದ ಅವರ ದನಿ ಬಂತು. "ಯಾರು ಹೇಳಿದ್ದು ಹತ್ತೋಕೆ? ಸ್ವಲ್ಪ ಹೊತ್ತು ಅಲ್ಲೇ ಇರು. ಬುದ್ಧಿ ಬರಲಿ."

ಕತ್ತಲು. ಧೂಳಿನ ವಾಸನೆ. ಎರಡು ಮಹಡಿಗಳ ನಡುವೆ ತೂಗುವ ಕಬ್ಬಿಣದ ಪೆಟ್ಟಿಗೆ. ಮುನಿಯಕ್ಕನಿಗೆ ಉಸಿರು ಹತ್ತಿತು. ಮೈ ಬೆವೆತು ಸೀರೆ ಅಂಟಿತು. ಬಾಗಿಲು ಬಡಿಯಬೇಕು ಅನ್ನಿಸಿತು. ತಪ್ಪಾಯ್ತು ಸಾಮಿ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವಳ ಅವ್ವನ ನಾಲಿಗೆಯಲ್ಲೂ ಇದ್ದ ಮಾತು ಅದು, ಅಜ್ಜಿಯ ನಾಲಿಗೆಯಲ್ಲೂ ಇದ್ದದ್ದು. ಎಲ್ಲರ ಬಾಯಿಗೂ ತಾನಾಗಿ ಬರುತ್ತಿತ್ತು.

ಅವಳು ಅದನ್ನು ನುಂಗಿದಳು. ಚೀಲಕ್ಕೆ ಬೆನ್ನು ಕೊಟ್ಟು ಒರಗಿದಳು. ವ್ಯಾಯಾಮದ ಕೋಣೆಯಲ್ಲಿ ಹೇಳಿಕೊಟ್ಟ ಹಾಗೆ ಗದ್ದವನ್ನು ಮೆಲ್ಲಗೆ ಒಳಕ್ಕೆಳೆದು ಭುಜ ಸಡಿಲ ಬಿಟ್ಟಳು. ಉಸಿರು ಒಂದು ಹದಕ್ಕೆ ಬಂತು. ಹಗಲು ಹೊತ್ತಿನಲ್ಲಿ ತಲೆಯ ಮೇಲೆ ಏನೂ ಇಲ್ಲದೆ ಹೀಗೆ ಕೂತದ್ದು ಯಾವಾಗ ಅಂತ ಯೋಚಿಸಿದಳು. ನೆನಪಾಗಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಹುಲಿಗೆವ್ವ ಓಡುತ್ತಿದ್ದಳು. ಪ್ರತಿ ಬಾಗಿಲನ್ನೂ ಬಡಿದು ಕೂಗುತ್ತಿದ್ದಳು, "ಒಳಗ ಜೀವ ಐತ್ರೀ. ನಮ್ಮಕ್ಕನ್ನ ಲಿಫ್ಟಿನ್ಯಾಗ ಕೂಡಿ ಹಾಕ್ಯಾರ್ರೀ. ಹೊರಗ ಬರ್ರೀ."

ಜನ ಬಂದರು. ಮಾತು ಬೆಳೆಯಿತು. ಕೊನೆಗೆ ಸ್ವಿಚ್ ಹಾಕಿಸಿದರು. ಲಿಫ್ಟು ಕೆಳಕ್ಕೆ ಬಂದು ಬಾಗಿಲು ತೆರೆಯಿತು. ಬೆಳಕಿಗೆ ಮುನಿಯಕ್ಕ ಕಣ್ಣು ಕಿರಿದು ಮಾಡಿದಳು. ಎದುರಿಗೆ ನಾಗಭೂಷಣ್, ಅವರ ಹಿಂದೆ ಮನೆ ಮನೆಯವರು, ಕತ್ತಿನ ಪಟ್ಟಿ ಹಾಕಿಕೊಂಡ ಮಧುಮತಿ, ಓಡಿ ಬಂದ ರವಿಕುಮಾರ.

"ಹೊರಗೆ ಬಾ," ಅಂದರು ನಾಗಭೂಷಣ್.

ಮುನಿಯಕ್ಕ ಒಂದು ಚೀಲವನ್ನು ಕಾಲಿನಿಂದ ಬಾಗಿಲಿನ ನಡುವಕ್ಕೆ ತಳ್ಳಿದಳು. ಮುಚ್ಚಲು ಬಂದ ಬಾಗಿಲು ಚೀಲಕ್ಕೆ ತಾಕಿ ಹಿಂದೆ ಸರಿಯಿತು.

"ಬರಲ್ಲ."

"ಏನಂದೆ?"

"ಬರಲ್ಲ ಅಂದೆ. ಒಳಗಾಕಿ ಬೀಗ ಹಾಕ್ದಂಗೆ ಮಾಡಿದ್ರಲ್ಲ. ನಂಗೆ ಬುದ್ಧಿ ಬರೋಗಂಟ ಇರು ಅಂದ್ರಲ್ಲ. ಬಂದದೆ ಬುದ್ಧಿ. ಇಲ್ಲೇ ಇರ್ತೀನಿ."

"ಪೊಲೀಸ್ ಕರೀತೀನಿ."

"ಕರೀರಿ. ಯಾವ ಕಾನೂನಲ್ಲಿ ದೀಪ ಆರಿಸಿ ಮನುಷ್ರನ್ನ ಕೂಡಿ ಹಾಕಿದ್ರಿ ಅಂತ ಅವ್ರಿಗೂ ಹೇಳಿ. ಕ್ಯಾಮ್ರ ಐತಲ್ಲ, ತೋರ್ಸಿ."

ನಾಗಭೂಷಣರ ಮುಖ ಕೆಂಪಾಯಿತು. "ಚಿಕ್ಕಬೈರಪ್ಪ, ಅವಳನ್ನ ಎಳೆದು ಹೊರಗೆ ಹಾಕು."

ಚಿಕ್ಕಬೈರಪ್ಪ ನಿಂತಲ್ಲೇ ನಿಂತಿದ್ದ. ಸ್ವಿಚ್ ಆರಿಸಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. "ಆಗಲ್ಲ ಸಾರ್," ಅಂದ. "ಆಗ ಮಾಡಿದ್ದೇ ತಪ್ಪು. ಇದಾಗಲ್ಲ."

"ರವಿ?"

ರವಿಕುಮಾರ ಮುಖ ಆಚೆ ತಿರುಗಿಸಿದ.

ನಾಗಭೂಷಣ್ ಹಿಂದಿದ್ದ ಗಂಡಸರನ್ನು ನೋಡಿದರು. ಅವರು ಒಬ್ಬರನ್ನೊಬ್ಬರು ನೋಡಿದರು. ಒಳಗೆ ಹೋಗಬೇಕು, ಅವಳ ತೋಳು ಹಿಡಿಯಬೇಕು, ಬೆವರು ಧೂಳು ಮೆತ್ತಿದ ಆ ಮೈಯನ್ನು ಎಳೆಯಬೇಕು. ಒಬ್ಬರೂ ಮುಂದಕ್ಕೆ ಹೆಜ್ಜೆ ಇಡಲಿಲ್ಲ.

ಮುನಿಯಕ್ಕನಿಗೆ ಅರ್ಥವಾಯಿತು. ಬಾಯಿ ಬಿಟ್ಟೇ ನಕ್ಕಳು. "ಯಾಕೆ, ಮುಟ್ಟೋಕಾಗಲ್ವಾ? ಮುಟ್ಟಿ. ನಮ್ಮ ಮೈಲಿಗೆ ನಮ್ಮನ್ನ ಕಾಯೋ ದಿನಾನೂ ಬಂತು ನೋಡು."

ಮುಂದಿದ್ದವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು.

ಶಾಲೆಯಿಂದ ಮಕ್ಕಳು ಬಂದರು, ಮೆಟ್ಟಿಲು ಹತ್ತಿದರು. ತರಕಾರಿ ಚೀಲ ಹಿಡಿದ ದೊಡ್ಡವರು ಬಂದರು, ಗೊಣಗುತ್ತ ಹತ್ತಿದರು. ಏದುಸಿರು ಮೆಟ್ಟಿಲ ಗೂಡಿನಿಂದ ಕೇಳುತ್ತಿತ್ತು. ಹುಲಿಗೆವ್ವ ಬಂದು ಮುನಿಯಕ್ಕನ ಪಕ್ಕದಲ್ಲಿ ಕೂತಳು. ಬೇಡ ಅಂದರೂ ಏಳಲಿಲ್ಲ. ಸುತ್ತಿಗೆ ಹಿಡಿದ ಗಂಡಾಳುಗಳೂ ಕೆಳಗಿಳಿದು ಬಂದು ಸುಮ್ಮನೆ ನಿಂತರು. ಮೇಲೆ ಒಡೆಯುವ ಸದ್ದು ನಿಂತಿತು.

ಬಿಸಿಲು ಇಳಿಯುವ ಹೊತ್ತಿಗೆ ನಾಗಭೂಷಣರೇ ಬಂದರು. ಯಾರ ಮುಖವನ್ನೂ ನೋಡದೆ ಅಂದರು, "ಇವತ್ತಿಂದು, ಮೇಲೆ ಉಳಿದಿರೋದು, ಎಲ್ಲ ಲಿಫ್ಟಲ್ಲೇ ಇಳಿಸಿ. ರಟ್ಟು ಹಾಕ್ಕೊಳ್ಳಿ. ಆಮೇಲೆ ಈ ಹೆಂಗಸು ಈ ಗೇಟೊಳಗೆ ಬರಕೂಡದು."

ಚೀಲಗಳು ಲಿಫ್ಟಿನಲ್ಲಿ ಇಳಿದವು. ಒಂದನ್ನೂ ಯಾರೂ ತಲೆಯ ಮೇಲೆ ಇಡಲಿಲ್ಲ. ಕೊನೆಯ ಚೀಲ ಲಾರಿಗೆ ಬಿದ್ದ ಮೇಲೆ ಮುನಿಯಕ್ಕ ಎದ್ದು ಗೇಟು ದಾಟಿದಳು. ಬೋರ್ಡು ಅಲ್ಲೇ ಇತ್ತು. ಅವಳು ಹೋದ ಮೇಲೆ ಲಿಫ್ಟಿಗೆ ಫಿನಾಯಿಲ್ ಹಾಕಿ ತೊಳೆಸಿದರಂತೆ. ಚಿಕ್ಕಬೈರಪ್ಪನನ್ನು ಆ ತಿಂಗಳೇ ಕೆಲಸದಿಂದ ತೆಗೆದರು.

ಆ ಸಂಜೆಯೇ ಶಾಂತಲಾ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಳು. ಸ್ಕ್ಯಾನ್ ಆಯಿತು. ಮರುದಿನ ಅದೇ ಡಾಕ್ಟರು ಬಹಳ ಹೊತ್ತು ಚಿತ್ರ ನೋಡಿದಳು. ಇನ್ನೂ ಹೊತ್ತಿದ್ದರೆ ಕಾಲೂ ಹೋಗುತ್ತಿತ್ತು ಅಂದಳು. ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಳು. ಅಲ್ಲಿ ನೋಡಿದವರು ಸದ್ಯಕ್ಕೆ ಕಾದು ನೋಡೋಣ, ಹೊರೆ ಹೊತ್ತರೆ ಮಾತ್ರ ಕತ್ತಿಗೆ ಆಪರೇಷನ್ ಮಾಡಲೇಬೇಕಾಗುತ್ತದೆ ಅಂದರು. ಮುನಿಯಕ್ಕ ಮನೆಯಲ್ಲಿ ಕೂತು ಶಾಖ ಕೊಟ್ಟುಕೊಂಡಳು, ವ್ಯಾಯಾಮ ಮಾಡಿದಳು. ಲೋಟ ಹಿಡಿಯುವಷ್ಟು ಬಲ ಕೈಗೆ ಬಂತು. ಹೆಬ್ಬೆರಳ ಜೋಮು ಹೋಗಲಿಲ್ಲ. ಶಾಂತಲಾ ಅಂಗಡಿಯಲ್ಲಿ ಎರಡು ಪಾಳಿ ನಿಲ್ಲತೊಡಗಿದಳು. ಅವಳ ಕಾಲು ಊದುವುದನ್ನು ತಾಯಿ ನೋಡುತ್ತಿದ್ದಳು. ಮನೆಯ ಗೋಡೆಗಳು ಅವಳಿಗೆ ಆ ಮೆಟ್ಟಿಲ ಗೂಡಿನ ಹಾಗೆಯೇ ಕಂಡವು.

ಒಂದು ಬೆಳಿಗ್ಗೆ ಎದ್ದು ಸರ್ಕಲ್ಲಿಗೆ ಹೋಗಿ ನಿಂತಳು. ರವಿಕುಮಾರನ ಗಾಡಿ ಬಂತು. ಅವನು ಅವಳನ್ನು ಕಂಡೂ ಕಾಣದವನಂತೆ ಬೇರೆಯವರನ್ನು ಕರೆದುಕೊಂಡು ಹೋದ. ಇನ್ನೊಬ್ಬ ಮೇಸ್ತ್ರಿ ಬಂದ. ಹೊಸಬ.

"ಹೊರ್ತೀಯಾ?" ಅಂತ ಅವಳನ್ನು ಕೇಳಿದ.

"ಕಲಸ್ತೀನಿ. ತುಂಬ್ತೀನಿ. ತಲೆ ಮೇಲೆ ಹೊರಲ್ಲ."

"ಹೊರದೆ ಇರೋ ಹೆಣ್ಣಾಳು ಯಾಕೆ ಬೇಕು ನಂಗೆ?" ಅವನು ಪಕ್ಕದಲ್ಲಿದ್ದ ಹುಲಿಗೆವ್ವನ ಕಡೆ ತಿರುಗಿದ. "ನೀನು ಬಾಮ್ಮ. ಜಯನಗರ, ನಾಲ್ಕನೇ ಮಹಡಿ."

ಹುಲಿಗೆವ್ವ ಹೆಜ್ಜೆ ಎತ್ತಲಿಲ್ಲ.

"ಲಿಫ್ಟ್ ಐತೇನ್ರಿ?"

"ಇದೆ. ಯಾಕೆ?"

"ನಮಗ ಬಿಡ್ತಾರೇನ್ರಿ?"

ಮೇಸ್ತ್ರಿ ನಕ್ಕು ಅವಳ ಹಿಂದಿದ್ದವಳನ್ನು ಕರೆದ. ಅವಳು ಲಕ್ಕವ್ವ, ವಯಸ್ಸಾದವಳು, ಹಿಂದಿನ ದಿನವೂ ಕೆಲಸ ಸಿಕ್ಕಿರಲಿಲ್ಲ. ಲಕ್ಕವ್ವ ಬಾಂಡ್ಲಿಯನ್ನು ಕಂಕುಳಿನಿಂದ ತೆಗೆದು ಕೆಳಗಿಟ್ಟಳು.

"ಅವಳು ಕೇಳಿದ್ದಕ್ಕೆ ಮೊದ್ಲು ಹೇಳಪ್ಪ," ಅಂದಳು.

ಮೇಸ್ತ್ರಿ ಸಾಲಿನ ಉದ್ದಕ್ಕೂ ನೋಡಿದ. ಹೆಂಗಸರು ಅವನನ್ನೇ ನೋಡುತ್ತಿದ್ದರು. ಅವನು ಜೇಬಿನಿಂದ ಫೋನ್ ತೆಗೆದು ಮನೆಯ ಓನರಿಗೆ ಹಚ್ಚಿದ.

"ಸಾರ್, ಲೇಬರ್‌ಗೆ ಲಿಫ್ಟ್ ಬಿಡ್ತೀರಾ ಅಂತ ಕೇಳ್ತಿದ್ದಾರೆ," ಅಂದ. ಆ ಕಡೆಯ ಮಾತು ಕೇಳಿಸಿಕೊಂಡು, "ಇಲ್ಲ ಸಾರ್, ಒಬ್ಬಳಲ್ಲ. ಎಲ್ಲರೂ ಕೇಳ್ತಿದ್ದಾರೆ."